ಹೊತ್ತು ಮುಳುಗುವ ಮುನ್ನ ಊಟ

ಪ್ರವಾಸದ ಬಗ್ಗೆ ಬರೆಯುವವನು ಊರು ನೋಡಿರಬೇಕು ಎಂದು ಓದುವವರು ಬಯಸುವುದು ನ್ಯಾಯವೇ. ಆದರೆ ಜರ್ಮನಿಯ ಮಾರ್ಬುರ್ಗ್ ಎಂಬ ಊರನ್ನು ನಾನು ನೋಡಿದ್ದು ಬೋರಿನ ಪೈಪಿನೊಳಗಿಂದ ನೋಡಿದ ಹಾಗೆ. ನನ್ನ ಕಣ್ಣಿನ ನಡುವೆ ಒಂದು ಬಿಲ್ಲೆಯಷ್ಟು ನೋಟ ಉಳಿದಿದೆ. ಅದರೊಳಗೆ ಪತ್ರಿಕೆಯ ಸಣ್ಣಕ್ಷರ ಕೂಡ ಕಾಣುತ್ತದೆ. ಅದರಾಚೆ ಇಟ್ಟ ಕುರ್ಚಿ ಕಾಣುವುದಿಲ್ಲ, ಮೊಣಕಾಲಿಗೆ ಬಡಿದಾಗಲೇ ಗೊತ್ತಾಗುತ್ತದೆ. ಸಂಜೆಯಾದರೆ ಆ ಬಿಲ್ಲೆಯೂ ಇಲ್ಲ.

ಅದಕ್ಕಿಂತ ದೊಡ್ಡ ತೊಡಕು ನೆನಪಿನದು. ಕಲಬುರಗಿಯಲ್ಲಿ ಇತಿಹಾಸ ಪಾಠ ಹೇಳುವವನು ನಾನು. ಯಾರು ಏನು ಹೇಳಿದರೂ ಆಧಾರ ಕೇಳುವುದು ಚಟವಾಗಿಬಿಟ್ಟಿದೆ. ಈಗ ನನ್ನನ್ನೇ ಕೇಳಿಕೊಳ್ಳಬೇಕಾಗಿದೆ. ಅರ್ಧ ಕಂಡವನು ಉಳಿದರ್ಧವನ್ನು ಮನಸ್ಸಿನಿಂದ ತುಂಬಿಕೊಳ್ಳುತ್ತಾನೆ. ನಾಲ್ಕು ವರ್ಷ ಕಳೆದರೆ ಯಾವುದು ಕಂಡದ್ದು, ಯಾವುದು ತುಂಬಿದ್ದು ಅವನಿಗೇ ತಿಳಿಯುವುದಿಲ್ಲ. ಅದಕ್ಕೆ ಇದನ್ನು ಬರೆದು, ನನ್ನ ಜೊತೆ ಬಂದಿದ್ದ ಅಕ್ಕನ ಮಗಳು ಸವಿತಾಗೆ ಓದಿ ಹೇಳಿದೆ. ಅವಳು ತಕರಾರು ತೆಗೆದ ಕಡೆಯೆಲ್ಲ ಅವಳ ಮಾತನ್ನೇ ಇಟ್ಟಿದ್ದೇನೆ, ಒಂದು ಜಾಗ ಬಿಟ್ಟು.

ಅತನೂರ

ನಮ್ಮದು ಅಫಜಲಪುರ ತಾಲೂಕಿನ ಅತನೂರ. ನಮ್ಮ ಮನೆತನಕ್ಕೆ ಒಂದು ನೇಮವಿತ್ತು. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ದೀಪ ಹಚ್ಚಿದ ಮೇಲೆ ಬಾಯಿಗೆ ತುತ್ತು ಇಡುವಂತಿಲ್ಲ. ಊರಿನ ಉಳಿದ ಲಿಂಗಾಯತರ ಮನೆಗಳಲ್ಲಿ ಇದು ಇರಲಿಲ್ಲ. ನೀವೇನು ಜೈನರೇನ್ರಿ ಎಂದು ನಗುತ್ತಿದ್ದರು. ಇದೇ ನೇಮ ಇದ್ದದ್ದು ನಮ್ಮ ಸಂಬಂಧದ ಎರಡೇ ಮನೆಗಳಲ್ಲಿ. ಆಳಂದ ತಾಲೂಕಿನ ಮಟಕಿಯಲ್ಲಿ ಒಂದು, ಜೇವರ್ಗಿ ತಾಲೂಕಿನ ನೆಲೋಗಿಯಲ್ಲಿ ಒಂದು. ಈ ಮೂರು ಮನೆಗಳ ನಡುವೆಯೇ ಹೆಣ್ಣು ಕೊಡುವುದು, ತರುವುದು. ಅವ್ವ ನೆಲೋಗಿಯಿಂದ ಬಂದವಳು. ಅವಳ ಅಕ್ಕ ಮಟಕಿಗೆ ಹೋದಳು. ನನ್ನ ಅಕ್ಕ ಮಹಾದೇವಿಯನ್ನು ತಿರುಗಿ ನೆಲೋಗಿಗೆ, ಸೋದರಮಾವನ ಮಗನಿಗೇ ಕೊಟ್ಟರು. ಅವಳ ಮಗಳು ಸವಿತಾಳನ್ನು ಈಗ ಮಟಕಿಗೆ ಕೊಡುವುದೆಂದು ಮಾತಾಗಿತ್ತು. ಹುಡುಗ ಆಳಂದದಲ್ಲಿ ಔಷಧಿ ಅಂಗಡಿ ಇಟ್ಟವನು, ನಮ್ಮ ದೊಡ್ಡವ್ವನ ಮಗ ಶರಣಪ್ಪಣ್ಣನ ಮಗ.

ಸಂಜೆಯಾದರೆ ನಮ್ಮ ಮನೆಯ ಗಂಡಸರು ಕಟ್ಟೆಯ ಮೇಲೆ ಕೂತುಬಿಡುತ್ತಿದ್ದರು. ಯಾರು ಬಂದರೂ ಏಳುತ್ತಿರಲಿಲ್ಲ. ಬಂದವರು ತಾವಾಗಿ ಮಾತಾಡಿದ ಮೇಲೆಯೇ ಬರ್ರಿ, ಕೂಡ್ರಿ ಅನ್ನುತ್ತಿದ್ದರು. ಊರವರು ಇದನ್ನು ಸೊಕ್ಕು ಎಂದು ತಿಳಿದಿದ್ದರು. ದೊಡ್ಡಪ್ಪ ಒಂದು ಮುಸ್ಸಂಜೆ ಹೊಲದ ಬಾವಿಗೆ ಬಿದ್ದು ತೀರಿಕೊಂಡಾಗ, ಬಾವಿ ಎಳಕೊಂಡಿತು ಎಂದರು. ಮುತ್ಯಾ, ಅಂದರೆ ನಮ್ಮ ಅಜ್ಜ, ಕಡೆಗಾಲಕ್ಕೆ ಪೂರ್ತಿ ಕುರುಡಾದಾಗ, ವಯಸ್ಸಾಯಿತು ಎಂದರು.

ನಾನು ಓದಿದವನು. ಇಂಥ ಮಾತುಗಳನ್ನು ನಂಬಲಿಲ್ಲ. ಊಟದ ನೇಮಕ್ಕೆ ನನ್ನದೇ ಕಾರಣ ಹುಡುಕಿದೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡ ನಮಗೆ ದೂರವಲ್ಲ. ಒಂದು ಕಾಲಕ್ಕೆ ಈ ಸೀಮೆಯಲ್ಲಿ ಜೈನರು ಬಹಳ ಇದ್ದರು. ಅವರ ಆಚರಣೆಯ ಒಂದು ಚೂರು ನಮ್ಮ ಮೂರು ಮನೆಗಳಲ್ಲಿ ಉಳಿದುಕೊಂಡಿದೆ ಎಂದು ಕಾಲೇಜಿನ ಸಂಚಿಕೆಗೆ ಲೇಖನವನ್ನೇ ಬರೆದೆ. ಅದನ್ನು ಮೆಚ್ಚಿಕೊಂಡವರೂ ಇದ್ದರು.

ಹಾಸ್ಟೆಲಿಗೆ ಸೇರಿದ ಮೇಲೆಯೇ ಉಳಿದ ಹುಡುಗರಿಗೆ ಇರುಳಲ್ಲೂ ಕಾಣುತ್ತದೆಂದು ನನಗೆ ತಿಳಿದದ್ದು. ಗಜ್ಜರಿ, ಅಂದರೆ ಕ್ಯಾರೆಟ್, ತಿಂದರೆ ಸರಿಯಾಗುತ್ತದೆ ಅಂದರು, ಚೀಲಗಟ್ಟಲೆ ತಿಂದೆ. ಎಷ್ಟೋ ವರ್ಷಗಳ ಮೇಲೆ ಕಣ್ಣಿನ ಡಾಕ್ಟರು ಕಾಯಿಲೆಯ ಹೆಸರು ಹೇಳಿದರು. ಮನೆತನದಲ್ಲಿ ಯಾರಿಗಾದರೂ ಇದೆಯೇ ಎಂದು ಕೇಳಿದರು. ಇಲ್ಲ ಎಂದೆ. ನಿಜವೆಂದು ನಂಬಿಯೇ ಹೇಳಿದೆ. ಇನ್ನು ಮುಂದೆ ರಕ್ತ ಸಂಬಂಧದಲ್ಲಿ ಕೊಟ್ಟು ತರಬೇಡಿ ಎಂದು ಹೇಳಿ ಅವರು ಹೊರಗೆ ಕೂತವರನ್ನು ಕರೆದರು. ಅಲ್ಲಿಂದಾಚೆಗೆ ನನಗೆ ಸಿಕ್ಕ ನೆರವೆಂದರೆ ಅಂಗವಿಕಲರ ಗುರುತಿನ ಚೀಟಿ. ಅಫಜಲಪುರದ ಬಸ್ಸಿನಲ್ಲಿ ಒಮ್ಮೆ ಪತ್ರಿಕೆ ಓದುತ್ತ ಕೂತು ಅದನ್ನು ತೋರಿಸಿದೆ. ಕಂಡಕ್ಟರು ಚೀಟಿ ನೋಡಿದ, ನನ್ನ ಕೈಯ ಪತ್ರಿಕೆ ನೋಡಿದ. “ಕಣ್ಣು ಛಲೋ ಅವಲ್ರಿ ಸರ” ಎಂದ. ಹಿಂದಿನ ಸೀಟಿನಲ್ಲಿ ಯಾರೋ ನಕ್ಕರು. ಅಂದಿನಿಂದ ಬಸ್ಸಿನಲ್ಲಿ ಓದುವುದು ಬಿಟ್ಟಿದ್ದೇನೆ.

ವಿಮಾನದಲ್ಲಿ

ದೃಷ್ಟಿ ಕಳೆದುಕೊಳ್ಳುತ್ತಿರುವವರ ಒಂದು ಗುಂಪು ಫೋನಿನಲ್ಲಿ ಸಿಕ್ಕಿತ್ತು. ಜಗತ್ತಿನ ಎಲ್ಲ ಕಡೆಯವರು ಅದರಲ್ಲಿ ಬರೆಯುತ್ತಿದ್ದರು. ಅಲ್ಲಿ ಪರಿಚಯವಾದವಳು ಕ್ರಿಸ್ಟಾ, ಅರವತ್ತು ದಾಟಿದ ಹೆಂಗಸು, ಈಗ ಪೂರ್ತಿ ಕುರುಡಿ. ಮಾರ್ಬುರ್ಗಿನಲ್ಲಿ ನಮ್ಮಂಥವರನ್ನು ವರ್ಷಕ್ಕೊಮ್ಮೆ ಸೇರಿಸಿ, ಕೋಲು ಹಿಡಿದು ನಡೆಯುವುದು, ಕಾಣದೆ ಅಡುಗೆ ಮಾಡುವುದು ಕಲಿಸುತ್ತಿದ್ದಳು. ಡಿಸೆಂಬರಿಗೆ ಬಾ ಎಂದು ಕರೆದಳು. ಒಬ್ಬನೇ ಹೋಗುವುದು ಹೇಗೆ ಎಂದು ನಾನು ಯೋಚಿಸುತ್ತಿರುವಾಗ ನೆಲೋಗಿಯಿಂದ ಅಕ್ಕನೇ ಫೋನು ಮಾಡಿದಳು.

“ಸವಿತಾನ ಕರ್ಕೊಂಡು ಹೋಗು. ಆಕಿಗಿ ಇಂಗ್ಲಿಷ್ ಬರ್ತದ. ನಿನಗ ಕಣ್ಣಾಗ್ತಾಳ.”

ಸವಿತಾ ಜೇವರ್ಗಿಯ ಒಂದು ಶಾಲೆಯಲ್ಲಿ ಟೀಚರು. ಮದುವೆ ಹತ್ತಿರ ಬಂದ ಹುಡುಗಿಯನ್ನು ಪರದೇಶಕ್ಕೆ ಕಳಿಸಲು ಅಕ್ಕ ತಾನಾಗಿ ಮುಂದಾದದ್ದು ಹೇಗೆ ಎಂದು ನನಗೆ ಆಗ ಹೊಳೆಯಲಿಲ್ಲ. ಸಂಶಯ ಪಡುವುದನ್ನೇ ಉದ್ಯೋಗ ಮಾಡಿಕೊಂಡವನಿಗೆ ಇಲ್ಲಿ ಮಾತ್ರ ಸಂಶಯ ಬರಲಿಲ್ಲ.

ವಿಮಾನದಲ್ಲಿ ಗಗನಸಖಿ ನನಗೆ ಏನು ಬೇಕೆಂದು ಸವಿತಾಳನ್ನು ಕೇಳಿದಳು. ಇದು ನನಗೆ ರೂಢಿ. ನಮ್ಮ ಕಡೆ ಚಹಾದಂಗಡಿಯಲ್ಲೂ ಹಾಗೆಯೇ, ಸರ್ಗೆ ಸಕ್ಕರಿ ಹಾಕ್ಲೇನ್ರಿ ಎಂದು ಪಕ್ಕದವನನ್ನು ಕೇಳುತ್ತಾರೆ. ಸವಿತಾ ನಗುತ್ತ, “ಮಾಮಾ, ನಿಮ್ಮ ಬಾಯಿಗೆ ಏನು ಬೇಕಂತ?” ಎಂದು ನನ್ನ ಕಡೆ ತಿರುಗಿದಳು. ವಿಮಾನದೊಳಗೆ ದೀಪ ಆರಿಸಿದ ಮೇಲೆ ಅವಳು ಸೀಟು ಬಿಟ್ಟು ಏಳಲೇ ಇಲ್ಲ. ನನಗೆ ತೊಂದರೆಯಾಗದಿರಲಿ ಎಂದು ಕೂತಿದ್ದಾಳೆ ಅಂದುಕೊಂಡೆ.

ಮಾರ್ಬುರ್ಗ್, ಮೇಲೂರು

ಮಾರ್ಬುರ್ಗ್ ಗುಡ್ಡಕ್ಕೆ ಅಂಟಿಕೊಂಡ ಊರು. ಕೆಳಗೊಂದು ಊರು, ಮೇಲೊಂದು ಊರು. ನಡುವೆ ಊರವರಿಗೆಂದೇ ಲಿಫ್ಟ್ ಇದೆ. ಅಂಗಡಿಗೆ ಹೊರಟ ಮುದುಕಿಯರು ಚೀಲ ಹಿಡಿದು ಲಿಫ್ಟಿನಲ್ಲಿ ನಿಂತಿರುತ್ತಾರೆ. ಕುರುಡರಿಗೆ ಹೆಸರಾದ ಊರಂತೆ. ರಸ್ತೆ ದಾಟುವ ಕಡೆ ಕಂಬಗಳು ಟಕ್ ಟಕ್ ಎನ್ನುತ್ತವೆ. ನೆಲದಲ್ಲಿ ಗೀರು ಹಾಕಿದ ಕಲ್ಲು ಹಾಸಿದ್ದಾರೆ, ಬೂಟಿನ ಅಡಿಯಲ್ಲಿ ದಾರಿ ತಿಳಿಯುತ್ತದೆ. ಚರ್ಚಿನ ಬಳಿ ಅದರದೇ ಚಿಕ್ಕ ಕಂಚಿನ ಮಾದರಿ ಇಟ್ಟಿದ್ದಾರೆ, ಕೈಯಾಡಿಸಿ ಗೋಪುರ ನೋಡಬಹುದು. ಚಳಿಗೆ ಆ ಕಂಚು ಬೆರಳನ್ನು ಕಚ್ಚಿ ಹಿಡಿಯುತ್ತಿತ್ತು.

ಮೊದಲ ದಿನ ರಸ್ತೆಯ ಅಂಚಿನಲ್ಲಿ ನಿಂತಿದ್ದೆ. ಒಬ್ಬ ಹತ್ತಿರ ಬಂದು ಸಹಾಯ ಬೇಕೇ ಎಂದು ಕೇಳಿದ. ಬೇಡ ಎಂದೆ. ಸರಿ ಎಂದು ಹೋಗಿಯೇಬಿಟ್ಟ. ನನಗೆ ಅವಮಾನವಾದ ಹಾಗಾಯಿತು. ಕಲಬುರಗಿಯ ಬಸ್‌ಸ್ಟ್ಯಾಂಡಿನಲ್ಲಿ ಕೇಳುವ ಪದ್ಧತಿಯೇ ಇಲ್ಲ. ಯಾರೋ ರಟ್ಟೆ ಹಿಡಿದು, ಬರ್ರಿ ಬರ್ರಿ ಎಂದು ಎಳೆದುಕೊಂಡು ಹೋಗಿ ಬಸ್ಸು ಹತ್ತಿಸುತ್ತಾರೆ, ಕೆಲವೊಮ್ಮೆ ಬೇರೆ ಊರಿನ ಬಸ್ಸು. ಎಳೆದ ಕೈಯನ್ನು ಬೈದುಕೊಂಡೇ ದಿನ ಕಳೆದವನಿಗೆ, ಯಾರೂ ಎಳೆಯದ ಊರಿನಲ್ಲಿ ಒಂದು ನಮೂನೆ ಭಣಭಣ ಅನ್ನಿಸಿತು.

ನಾವು ಉಳಿದುಕೊಂಡ ಮನೆಯಲ್ಲಿ ಸಂಜೆ ಎಲ್ಲರೂ ಸುತ್ತ ಕೂಡುತ್ತಿದ್ದೆವು. ಈಗ ಕಾಣದೇ ಹೋದದ್ದರಲ್ಲಿ ಯಾವುದು ನೆನಪಿದೆ ಎಂದು ಒಬ್ಬೊಬ್ಬರೂ ಹೇಳಬೇಕು, ಅದು ಕ್ರಿಸ್ಟಾಳ ಕ್ರಮ. ನನ್ನ ಸರದಿ ಬಂದಾಗ ನಕ್ಷತ್ರದ ಮಾತು ಹೇಳಿದೆ. ಅತನೂರಿನ ಮನೆಯ ಮಾಳಿಗೆ. ಮುತ್ಯಾನ ಪಕ್ಕದಲ್ಲಿ ಕಂಬಳಿಯ ಮೇಲೆ ಮಲಗಿದ್ದೇನೆ. ಮುತ್ಯಾ ಕೈ ಎತ್ತಿ ಒಂದೊಂದೇ ಚುಕ್ಕಿ ತೋರಿಸುತ್ತ ಹೆಸರು ಹೇಳುತ್ತಿದ್ದಾನೆ. ನಾನು ನೋಡುತ್ತಿದ್ದೇನೆ.

ಕ್ರಿಸ್ಟಾ ಮೆಲ್ಲಗೆ, ನಕ್ಷತ್ರ ಎಷ್ಟು ದೊಡ್ಡದಿತ್ತು, ಎಂದು ಕೇಳಿದಳು. ಎರಡು ಬೆರಳು ಕೂಡಿಸಿ ಅಳತೆ ಮಾಡಲು ನೋಡಿದೆ, ಯಾವ ಅಳತೆಯೂ ಸರಿ ಅನ್ನಿಸಲಿಲ್ಲ. ಹುಟ್ಟಿದಾಗಿನಿಂದ ಇರುಳುಗಣ್ಣು ಇದ್ದವರು ಯಾರೂ ನಕ್ಷತ್ರ ನೋಡಿರುವುದಿಲ್ಲ, ನಾನೂ ನೋಡಿಲ್ಲ ಎಂದಳು. ಅವಳಿಗೆ ಆಧಾರವಿತ್ತು. ನನಗೆ ಇದ್ದದ್ದು ಕಂಬಳಿಯ ವಾಸನೆ ಮತ್ತು ಮುತ್ಯಾನ ದನಿ.

ಕ್ರಿಸ್ಟಾಳ ಅಡುಗೆಮನೆ

ಡಿಸೆಂಬರಿನಲ್ಲಿ ಅಲ್ಲಿ ಮಧ್ಯಾಹ್ನ ಕಳೆಯುವುದರೊಳಗೆ ಹೊತ್ತು ಮುಳುಗುತ್ತದೆ. ಸವಿತಾ ಚೀಲದಲ್ಲಿ ಗಟ್ಟಿಯಾಗಿ ಒಣಗಿಸಿದ ಜೋಳದ ಕಟಕ ರೊಟ್ಟಿ, ಶೇಂಗಾ ಚಟ್ನಿಯ ಹಿಂಡಿ ಕಟ್ಟಿಕೊಂಡು ಬಂದಿದ್ದಳು. ಉಳಿದವರು ಮಧ್ಯಾಹ್ನದ ಊಟ ಅರಗಿಸಿಕೊಳ್ಳುತ್ತಿರುವಾಗಲೇ ನನ್ನ ತೋಳು ಜಗ್ಗುತ್ತಿದ್ದಳು. “ಏಳ್ರಿ ಮಾಮಾ, ಹೊತ್ತ ಮುಳಗಾಕತ್ತದ. ಉಂಡು ಬಿಡೋಣು.” ನಾನು ಚುಡಾಯಿಸಿದೆ. ಪರದೇಶಕ್ಕೆ ಬಂದರೂ ಮನೆಯ ನೇಮ ಬಿಡದವಳು ಎಂದೆ. ಅವಳು ರೊಟ್ಟಿ ಮುರಿಯುವ ಸದ್ದು ಮಾತ್ರ ಕೇಳಿಸಿತು.

ರೊಟ್ಟಿ ಮುರಿಯುವ ಸದ್ದಿಗೆ ಕ್ರಿಸ್ಟಾ ಬಂದಳು. ಏನಿದು, ಹಲಗೆ ತಿನ್ನುತ್ತೀರಾ ಎಂದು ಕೇಳಿ, ತಾನೂ ಒಂದು ತುಂಡು ತೆಗೆದುಕೊಂಡು ಜಗಿಯುತ್ತ ಕೂತಳು. ಇಷ್ಟು ಬೇಗ ಯಾಕೆ ಊಟ ಎಂದಳು. ನನಗೆ ಪಾಠ ಹೇಳುವ ಹುಕಿ ಬಂತು. ಮೂರು ಮನೆಗಳ ನೇಮ, ಮಳಖೇಡ, ಜೈನರು, ಪಳೆಯುಳಿಕೆ, ಎಲ್ಲ ವಿವರಿಸಿದೆ. ಸವಿತಾ ಹಿಂದೆ ನಲ್ಲಿಯಲ್ಲಿ ಕಪ್ಪುಬಸಿ ತೊಳೆಯುತ್ತಿದ್ದಳು.

ಕ್ರಿಸ್ಟಾ ಎಲ್ಲ ಕೇಳಿಸಿಕೊಂಡು ತನ್ನ ತಂದೆಯ ಮನೆತನದ ಮಾತು ತೆಗೆದಳು. ಅವರು ಬಹಳ ದೈವಭಕ್ತರಂತೆ. ನಾಟಕ, ಕುಣಿತ, ಸಂಜೆಯ ಔತಣ ಎಲ್ಲ ಪಾಪ ಎಂದು ಮನೆಯಲ್ಲೇ ಉಳಿಯುತ್ತಿದ್ದರಂತೆ. ಊರಿನಲ್ಲಿ ಅವರ ಶಿಸ್ತಿಗೆ ಬಹಳ ಗೌರವ. ತನ್ನ ಅಣ್ಣನ ಕಣ್ಣು ಹೋಗಿ, ತನ್ನದೂ ಹೋಗತೊಡಗಿದಾಗ ಒಬ್ಬಳು ಮುದಿ ಅತ್ತೆ ಬಾಯಿ ಬಿಟ್ಟಳಂತೆ. ಅಜ್ಜನಿಗೆ ನಾಟಕದ ಮನೆಯ ಮೆಟ್ಟಿಲು ಕಾಣುತ್ತಿರಲಿಲ್ಲ. ಪಾಪದ ಮಾತು ಅಲ್ಲಿಂದ ಹುಟ್ಟಿದ್ದು.

ಕ್ರಿಸ್ಟಾ ರೊಟ್ಟಿ ಜಗಿಯುತ್ತಲೇ ಇದ್ದಳು. ನನ್ನ ಹಿಂದೆ ನಲ್ಲಿಯ ಸದ್ದು ನಿಂತಿತು.

ನನಗೆ ಕಟ್ಟೆಯ ಮೇಲಿನ ಗಂಡಸರು ನೆನಪಾದರು. ದನಿ ಕೇಳಿದ ಮೇಲೆಯೇ ಬರ್ರಿ ಅನ್ನುತ್ತಿದ್ದವರು. ಮುಸ್ಸಂಜೆಯ ಬಾವಿ ನೆನಪಾಯಿತು. ಹೊತ್ತು ಮುಳುಗಿದ ಮೇಲೆ ಪರರ ಮನೆಯ ಮದುವೆಯ ಪಂಕ್ತಿಯಲ್ಲಿ ಕೂತು, ಎಲೆಯ ಮೇಲೆ ಕೈ ತಡಕಾಡಿ ಸಿಕ್ಕಿಬೀಳಬಾರದು ಎಂದು ಯಾರೋ ಹಿರಿಯ ಈ ನೇಮ ಹಾಕಿರಬೇಕು. ಆಮೇಲಿನವರು ಅದಕ್ಕೆ ಶಿವನ ಹೆಸರು ಹೇಳಿದರು. ನಾನು ಜೈನರ ಹೆಸರು ಹೇಳಿ ಅಚ್ಚು ಹಾಕಿಸಿದೆ.

ಯಾರದೋ ಬಾಗಿಲು

ಮರುದಿನ ಸವಿತಾ ಮತ್ತು ನಾನು ಕೆಳಗಿನ ಊರಿಗೆ ಇಳಿದಿದ್ದೆವು. ಅವಳಿಗೆ ಅಕ್ಕನಿಗೊಂದು ಶಾಲು ಕೊಳ್ಳಬೇಕಿತ್ತು. ಅಂಗಡಿಯಿಂದ ಹೊರಬಂದಾಗ ನನ್ನ ಪಾಲಿಗೆ ಊರು ಆರಿಹೋಗಿತ್ತು. ಮಂಜು ಇಳಿದಿತ್ತು. ಬೀದಿದೀಪಗಳು ಹಳದಿ ಹತ್ತಿಯ ಉಂಡೆಗಳ ಹಾಗೆ ತೂಗುತ್ತಿದ್ದವು, ನೆಲಕ್ಕೆ ಅವುಗಳ ಬೆಳಕು ಬೀಳುತ್ತಿರಲಿಲ್ಲ. ಫೋನಿನ ಟಾರ್ಚು ಹಾಕು ಎಂದೆ. ಚಳಿಗೆ ಫೋನು ಸತ್ತಿದೆ ಎಂದಳು. ಅವಳ ಮೊಣಕೈ ಹಿಡಿದು ಹೊರಟೆ.

ಲಿಫ್ಟಿನಿಂದ ಹೊರಬಿದ್ದ ಮೇಲೆ ಅವಳ ನಡಿಗೆ ವಿಚಿತ್ರವಾಯಿತು. ಬೆಳಕಿನ ಅಂಗಡಿಯ ಮುಂದೆ ಸುಮ್ಮನೆ ನಿಲ್ಲುತ್ತಾಳೆ. ಯಾರಾದರೂ ಹತ್ತಿರ ಬಂದರೆ ಹೊರಡುತ್ತಾಳೆ. ನಮ್ಮ ಮುಂದೆ ಯಾರೋ ಗಾಲಿಯ ಪೆಟ್ಟಿಗೆ ಎಳೆದುಕೊಂಡು ಹೋಗುತ್ತಿದ್ದರು. ಕಲ್ಲುಹಾಸಿನ ಮೇಲೆ ಅದು ಗಡಗಡ ಸದ್ದು ಮಾಡುತ್ತಿತ್ತು. ಸದ್ದು ತಿರುಗಿದ ಕಡೆ ನಾವೂ ತಿರುಗಿದೆವು, ಏರಿದ ಕಡೆ ಏರಿದೆವು. ನಾವಿದ್ದ ಮನೆಗೆ ಇಷ್ಟು ಮೆಟ್ಟಿಲು ಇರಲಿಲ್ಲವಲ್ಲ ಎಂದು ನನಗೆ ಅನ್ನಿಸುವಷ್ಟರಲ್ಲಿ ಪೆಟ್ಟಿಗೆಯ ಸದ್ದು ನಿಂತಿತು. ಬೀಗ ತೆಗೆದ ಸದ್ದಾಯಿತು. ಬಾಗಿಲು ತೆರೆದು ಬೆಳಕು ಮುಖಕ್ಕೆ ಬಡಿಯಿತು. ನಾವಿಬ್ಬರೂ ಯಾರದೋ ಮನೆಯ ಹೊಸ್ತಿಲಲ್ಲಿ, ಯಾರೋ ಮುದುಕನ ಬೆನ್ನಿಗೆ ಅಂಟಿಕೊಂಡು ನಿಂತಿದ್ದೆವು.

ಮುದುಕ ಜರ್ಮನ್‌ನಲ್ಲಿ ಏನೋ ಕೇಳಿದ. ಯಾರು ಬೇಕಾಗಿತ್ತು ಎಂದೇ ಇರಬೇಕು. ನಾನು ಹೋಗಿ ಹೋಗಿ ಕನ್ನಡದಲ್ಲಿ ತಪ್ಪಾತ್ರಿ ಎಂದೆ. ಅವನು ನನ್ನ ತೋಳಿನ ಹಳದಿ ಪಟ್ಟಿ ನೋಡಿರಬೇಕು. ಅಲ್ಲಿ ಕುರುಡರು ಮೂರು ಕಪ್ಪು ಚುಕ್ಕಿಯ ಹಳದಿ ಪಟ್ಟಿ ಕಟ್ಟಿಕೊಳ್ಳುತ್ತಾರೆ, ಕ್ರಿಸ್ಟಾ ನನಗೂ ಕಟ್ಟಿದ್ದಳು. ಅವನು ಸವಿತಾಳ ಕಡೆ ತಿರುಗಿ ಇಂಗ್ಲಿಷಿನಲ್ಲಿ, ಇವರಿಗೆ ಕಾಣುವುದಿಲ್ಲ ಸರಿ, ನೀನು ಯಾಕೆ ನನ್ನ ಹಿಂದೆ ಬಂದೆ, ಎಂದು ಕೇಳಿದ. ಗದರಿಕೆಯಲ್ಲ, ಸುಮ್ಮನೆ ತಿಳಿದುಕೊಳ್ಳಲು ಕೇಳಿದ್ದು. ಸವಿತಾಳ ಕೈಯ ಶಾಲಿನ ಚೀಲ ಸರಪರ ಎಂದಿತು. ಅವನು ಒಳಗಿನಿಂದ ಎರಡು ಕುರ್ಚಿ ತಂದು ಬಾಗಿಲ ಪಡಸಾಲೆಯಲ್ಲಿ ಹಾಕಿದ. ಕ್ರಿಸ್ಟಾಳಿಗೆ ಫೋನು ಮಾಡಿದ. ಊರಿನಲ್ಲಿ ಅವಳನ್ನು ಅರಿಯದವರಿಲ್ಲ. ಆಮೇಲೆ ನಮ್ಮನ್ನು ನಮ್ಮಷ್ಟಕ್ಕೆ ಬಿಟ್ಟು ಒಳಗೆ ಹೋದ.

“ಮಾಮಾ” ಎಂದಳು ಸವಿತಾ. “ನನಗೂ ಕಾಣಂಗಿಲ್ಲ.”

ನಾನು ಯಾವಾಗಿನಿಂದ ಎಂದು ಕೇಳಿದೆ. ಕೇಳಿದ ಮೇಲೆ ನನಗೇ ನಾಚಿಕೆಯಾಯಿತು. ಡಾಕ್ಟರುಗಳೂ ಹೀಗೆಯೇ ಕೇಳುತ್ತಾರೆ.

“ಸಂಜಿ ಆದ ಮ್ಯಾಲ ಎಂದೂ ಕಂಡಿಲ್ರಿ. ಅವ್ವಗ ಗೊತ್ತದ. ಲಗ್ನ ಆಗೋತನಕ ಯಾರ ಮುಂದೂ ಬಾಯಿ ಬಿಡಬ್ಯಾಡ ಅಂದಾಳ.”

ಹಾಗಾದರೆ ನಿನ್ನನ್ನು ನನಗೆ ಕಣ್ಣಾಗಿ ಕಳಿಸಿದ್ದು ಯಾಕೆ ಎಂದೆ. ಅವಳು ಸ್ವಲ್ಪ ಹೊತ್ತು ಮೂಗು ಒರೆಸಿಕೊಂಡಳು. ಸವಿತಾ ತಾನು ಅಳಲಿಲ್ಲ ಅನ್ನುತ್ತಾಳೆ. ಈ ಒಂದು ಕಡೆ ನಾನು ನನ್ನ ಕಿವಿಯನ್ನು ನಂಬುತ್ತೇನೆ.

“ಅಲ್ಲಿ ಕಾಣಲಾರದವ್ರು ಹೆಂಗ ಬಾಳ್ವೆ ಮಾಡ್ತಾರ, ನೋಡ್ಕೊಂಡು ಬಾ ಅಂದ್ಳು. ಮಾಮಾಗ ಕಲಿಸುವಾಗ ಮಗ್ಗಲದಾಗ ಕುಂತು ಕಲಿ, ಯಾರಿಗೂ ತಿಳಿಯಂಗಿಲ್ಲ ಅಂದ್ಳು.”

ಅಕ್ಕ ತಾನಾಗಿ ಮುಂದಾದದ್ದು ಇದಕ್ಕೆ. ಬಾಯಲ್ಲಿ ಮುಚ್ಚಿಡು ಎಂದು ಹೇಳಿ, ಕೈಯಲ್ಲಿ ಮಗಳನ್ನು ಕಡಲಾಚೆಗೆ ಕಲಿಯಲು ದೂಡಿದ್ದಳು. ಆ ಪಡಸಾಲೆಯಲ್ಲಿ ನನಗೆ ಅಕ್ಕನ ಮೇಲೆ ಸಿಟ್ಟು ಬಂದದ್ದು ನಿಜ. ಎಷ್ಟು ಹೊತ್ತು ಉಳಿಯಿತೋ ನೆನಪಿಲ್ಲ.

ಮಟಕಿಯವರಿಗೆ ಹೇಳದೆ ಮದುವೆಯಾಗುತ್ತೀಯಾ ಎಂದು ಕೇಳಿದೆ. ಅದನ್ನೇ ಯೋಚಿಸುತ್ತಿದ್ದೇನೆ ಎಂದಳು. ಡಾಕ್ಟರು ಹೇಳಿದ ರಕ್ತ ಸಂಬಂಧದ ಮಾತು ಹೇಳಿದೆ. ಅದೂ ಅವಳಿಗೆ ಗೊತ್ತಿತ್ತು.

ಕೋಲು

ಉಳಿದ ದಿನಗಳಲ್ಲಿ ಸವಿತಾ ಕೋಲು ಹಿಡಿದು ನಡೆಯುವುದು ಕಲಿತಳು. ನನಗಿಂತ ಚೆನ್ನಾಗಿಯೇ ಕಲಿತಳು. ಮಡಿಚುವ ಬಿಳಿ ಕೋಲು, ಬಿಚ್ಚಿದರೆ ಖಟಖಟ ಎಂದು ತಾನಾಗಿ ನೆಟ್ಟಗಾಗುತ್ತದೆ. ಎಡ ಹೆಜ್ಜೆ ಇಡುವಾಗ ಬಲಕ್ಕೆ, ಬಲ ಹೆಜ್ಜೆ ಇಡುವಾಗ ಎಡಕ್ಕೆ. ನಾನು ಇದರಲ್ಲೂ ಕಾರಣ ಹುಡುಕುತ್ತ ತಪ್ಪುತ್ತಿದ್ದೆ. ಸವಿತಾ ಕಣ್ಣು ಮುಚ್ಚಿಕೊಂಡು ಲಿಫ್ಟಿನ ತನಕ ಹೋಗಿ 'ಮಾಮಾ, ಬಂದ್ನಿ' ಎಂದು ತಿರುಗಿ ಬರುತ್ತಿದ್ದಳು.

ಆದರೆ ಅಲ್ಲಿ ಎಲ್ಲ ಹಸನಾಗಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಕಡೆಯ ದಿನ ಕ್ರಿಸ್ಟಾಳ ಮನೆಗೆ ಹೋಗಿದ್ದೆವು. ಒಲೆಯ ಗುಂಡಿಗಳಿಗೆ, ಡಬ್ಬಿಗಳಿಗೆ, ಬಟ್ಟೆಯ ಕಪಾಟಿಗೆ ಕೈಗೆ ತಿಳಿಯುವ ಗುರುತು ಹಚ್ಚಿದ್ದಳು. ಎಲ್ಲ ತನ್ನ ಜಾಗದಲ್ಲಿ. ಮೇಜಿಗೆ ಒಂದೇ ಕುರ್ಚಿ. ನಾವು ಬಂದೆವೆಂದು ಪಕ್ಕದ ಮನೆಯಿಂದ ಎರಡು ತರಿಸಿದ್ದಳು. ಮದುವೆಯಾಗಲಿಲ್ಲವೇ ಎಂದು ಸವಿತಾ ನಮ್ಮ ಕಡೆಯವರ ಹಾಗೆ ನೇರವಾಗಿ ಕೇಳಿದಳು. ಕೇಳಿದವರಿಗೆ ಮೊದಲೇ ಕಾಯಿಲೆಯ ವಿಷಯ ಹೇಳಿದೆ, ಅವರು ಥ್ಯಾಂಕ್ಸ್ ಹೇಳಿ ಹೋದರು, ಎಂದಳು ಕ್ರಿಸ್ಟಾ. ಊಟ ಮಾಡುವಾಗ ರೇಡಿಯೋ ಹಾಕಿಕೊಳ್ಳುತ್ತಾಳಂತೆ. ಅಂದೂ ಅಭ್ಯಾಸಬಲದಿಂದ ಹಾಕಿ, ನಮ್ಮ ನೆನಪಾಗಿ ಆರಿಸಿದಳು.

ಹೊರಡುವಾಗ ಸವಿತಾಗೊಂದು ಕೋಲು ಕೊಟ್ಟಳು. ಸವಿತಾ ಅದನ್ನು ಅಕ್ಕನ ಶಾಲಿನೊಳಗೆ ಸುತ್ತಿ ಚೀಲದ ತಳಕ್ಕೆ ಇಟ್ಟಳು.

ನೆಲೋಗಿ

ನಾವು ನೆಲೋಗಿ ಮುಟ್ಟಿದ ಮೂರನೆಯ ದಿನ ಮಟಕಿಯವರು ಮದುವೆಯ ದಿನ ಹಿಡಿಯಲು ಬಂದರು. ಶರಣಪ್ಪಣ್ಣ, ಅವನ ಹೆಂಡತಿ, ಹುಡುಗ. ಬಾಡಿಗೆ ಜೀಪು, ಡ್ರೈವರು ಹೊರಗಿನವನು. ಭಾವ ತೀರಿಕೊಂಡು ವರ್ಷಗಳಾಗಿದ್ದರಿಂದ ಹೆಣ್ಣಿನ ಕಡೆಯಿಂದ ಕೂತವನು ನಾನೇ. ಅಕ್ಕ ಹೋಳಿಗೆ ಮಾಡಿದ್ದಳು. ಹೊತ್ತು ಮುಳುಗುವುದರೊಳಗೆ ಉಂಡು ಎದ್ದುಬಿಡೋಣ ಎಂದು ಶರಣಪ್ಪಣ್ಣ ಬರುತ್ತಲೇ ಹೇಳಿದ. ಮೊದಲಾದರೆ ನಾನು ಆ ಮಾತನ್ನು ಕೇಳಿಸಿಕೊಳ್ಳುತ್ತಲೂ ಇರಲಿಲ್ಲ.

ಎಲೆ ಹಾಕುವ ಮುಂಚೆ ಸವಿತಾ ಕೋಣೆಯಿಂದ ಬಂದು ಜಮಖಾನೆಯ ಅಂಚಿನಲ್ಲಿ ಕೂತಳು. ಮಡಿಚಿದ ಕೋಲು ಅವಳ ಮಡಿಲಲ್ಲಿತ್ತು. ಬಿಸಿಲಿನ್ನೂ ಇದ್ದದ್ದರಿಂದ ನನ್ನ ಬಿಲ್ಲೆಯೊಳಗೆ ಅದು ಕಂಡಿತು.

“ಮಾಮಾ, ಮೊದ್ಲ ಒಂದು ಮಾತು ಹೇಳ್ತೇನ್ರಿ” ಎಂದಳು ಶರಣಪ್ಪಣ್ಣನಿಗೆ. “ನನಗ ಸಂಜಿ ಆದ ಮ್ಯಾಲ ಕಾಣಂಗಿಲ್ಲ. ಮುಂದ ಹಗಲಿ ಸೈತ ಕಾಣಂಗಿಲ್ಲ.”

ಒಳಗೆ ಅಕ್ಕನ ಕೈಯಿಂದ ಸೌಟು ಬಿದ್ದ ಸದ್ದಾಯಿತು. ಶರಣಪ್ಪಣ್ಣ ಬೆಚ್ಚಲಿಲ್ಲ. ಇದನ್ನು ಮಾತ್ರ ನಾನು ಎಣಿಸಿರಲಿಲ್ಲ.

“ಗೊತ್ತದವ್ವಾ” ಎಂದ. “ಅದಕ್ಕೇ ಕೇಳಾಕ ಬಂದೀವಿ. ಹೊರಗಿನವ್ರು ನಮ್ಮ ಮನಿ ಹುಡುಗ್ರನ್ನ ಯಾರು ತಗೋತಾರ? ನಿಮಗ ನಾವು, ನಮಗ ನೀವು. ಹಿರೇರು ಹಂಗೇ ಮಾಡ್ಕೊಂಡು ಬಂದಾರ. ಒಬ್ಬರ ಕೈ ಒಬ್ಬರು ಬಿಟ್ಟಿಲ್ಲ.”

ನಾನು ಮೂರು ಮನೆಗಳ ಸಂಬಂಧವನ್ನು ಆಸ್ತಿ ಹೊರಗೆ ಹೋಗಬಾರದೆಂಬ ಲೆಕ್ಕಾಚಾರ ಎಂದು ತಿಳಿದವನು. ಕ್ರಿಸ್ಟಾಳ ಗುಂಪಿನಂಥದ್ದೇ ಒಂದು ಗುಂಪು ನಮ್ಮಲ್ಲಿ ಮುತ್ತಾತಂದಿರ ಕಾಲದಿಂದ ಇತ್ತು. ಒಬ್ಬರಿಗೊಬ್ಬರು ಆಸರೆಯಾಗಿದ್ದರು. ಅದೇ ಆಸರೆಯಿಂದ ಒಂದೊಂದು ತಲೆಮಾರಿಗೂ ಕುರುಡು ಹಂಚಿದ್ದರು. ಹೆಸರು ಹಿಡಿದು ಹೇಳಬಾರದು, ಅಷ್ಟೇ ಕಟ್ಟಳೆ.

ಸವಿತಾ ಹುಡುಗನ ಕಡೆ ತಿರುಗಿದಳು. “ನೀವು ಹೇಳ್ರಿ. ನಿಮಗ ಕಾಣ್ತದೋ ಇಲ್ಲೋ?”

ಹುಡುಗ ತಲೆ ಬಗ್ಗಿಸಿದ್ದ. ಒಳ್ಳೆಯ ಹುಡುಗ, ಸುಳ್ಳು ಹೇಳುವುದು ಅವನಿಂದ ಆಗಲಿಲ್ಲ, ನಿಜವೂ ಆಗಲಿಲ್ಲ. “ಸಂಜಿ ಮ್ಯಾಲ ನಾ ಗಾಡಿ ಹೊಡ್ಯಂಗಿಲ್ರಿ” ಎಂದ.

“ಹಂಗಾರ ನಾ ಒಲ್ಲೆ” ಎಂದಳು ಸವಿತಾ.

ಶರಣಪ್ಪಣ್ಣನ ದನಿ ಆಗ ಬದಲಾಯಿತು. ಇದು ಪರದೇಶದ ಪಾಠ ಎಂದು ನನ್ನ ಕಡೆ ತಿರುಗಿ ಹೇಳಿದ. ನೀ ಓದಿ ಮನಿ ಮುರದೆಲೇ ತಮ್ಮಾ ಎಂದ. ಅವನ ಹೆಂಡತಿ ಸಮಾಧಾನ ಹೇಳಲು ನೋಡಿದಳು, ಆಗಲಿಲ್ಲ. ಅವನು ಸವಿತಾಳನ್ನು ಕೇಳಿದ, “ನಾಳಿ ಪೂರಾ ಕಾಣದಂಗ ಆದಾಗ ಯಾರ ಕೈ ಹಿಡಕೊಂಡು ನಡೀತಿ?”

ಸವಿತಾ ಕೋಲನ್ನು ತೋರಿಸುತ್ತಾಳೆ ಅಂದುಕೊಂಡೆ. ತೋರಿಸಲಿಲ್ಲ. “ನಾಳಿ ನನ್ನ ಹೊಟ್ಟ್ಯಾಗ ಹುಟ್ಟೋ ಕೂಸು ಯಾರ ಕೈ ಹಿಡಕೊಂಡು ನಡೀಬೇಕ್ರಿ?” ಎಂದಳು.

ಜಗಳ ಇನ್ನೂ ಬೆಳೆಯಬೇಕಾಗಿತ್ತು, ಬೆಳೆಯುವಷ್ಟು ಸಿಟ್ಟು ಇತ್ತು. ಆದರೆ ಬಾಗಿಲ ಬಿಸಿಲು ಹೊಸ್ತಿಲು ಬಿಟ್ಟು ಅಂಗಳಕ್ಕೆ ಸರಿದಿತ್ತು. ಶರಣಪ್ಪಣ್ಣ ಅದನ್ನು ನೋಡಿದ. ಅವನ ಮಗ ಆಗಲೇ ಚಪ್ಪಲಿ ಹುಡುಕುತ್ತಿದ್ದ. ಜೀಪು ಹತ್ತುವುದರೊಳಗೆ ಕತ್ತಲಾಗಬಾರದು. ಹೋಳಿಗೆ ಮುಟ್ಟದೆ, ಹೋಗಿ ಬರುತ್ತೇವೆ ಎಂದೂ ಹೇಳದೆ, ದಡಬಡ ಹೊರಟರು. ನಮ್ಮ ಮನೆತನಗಳಲ್ಲಿ ಸಿಟ್ಟಿಗೂ ಹೊತ್ತು ಮುಳುಗುವುದರೊಳಗೆ ಮುಗಿಯಬೇಕಾದ ಗಡುವು ಇದೆ.

ಮಟಕಿಯ ಬಾಗಿಲು ಈಗ ನಮಗೆ ಮುಚ್ಚಿದೆ. ಸವಿತಾಗೆ ಹೊರಗಿನ ಸಂಬಂಧ ಬಂದಿಲ್ಲ. ವಿಷಯ ಬಾಯಿಂದ ಬಾಯಿಗೆ ಹೋಗಿದೆ, ಬರುವ ಸೂಚನೆಯೂ ಇಲ್ಲ. ಅವಳನ್ನು ಕರೆದೊಯ್ದು ನಾನು ಮಾಡಿದ್ದು ಸರಿಯೇ ಎಂದು ಕೇಳಿಕೊಂಡಾಗಲೆಲ್ಲ ಕ್ರಿಸ್ಟಾಳ ಒಂದೇ ಕುರ್ಚಿ ನೆನಪಾಗುತ್ತದೆ. ಶರಣಪ್ಪಣ್ಣನ ಮಾತಿನಲ್ಲಿ ಪ್ರೀತಿ ಇರಲಿಲ್ಲ ಎಂದು ಹೇಳಲಾರೆ.

ಅಂದು ಹೋಳಿಗೆಯನ್ನು ನಾವೂ ಮುಟ್ಟಲಿಲ್ಲ. ಅಕ್ಕ ಮಗಳ ಜೊತೆ ಮಾತು ಬಿಟ್ಟಿದ್ದಳು. ಸವಿತಾ ಮಾಳಿಗೆ ಹತ್ತಿ ಕೂತಳು, ಅವಳ ಹಿಂದೆ ನಾನು ನಿಚ್ಚಣಿಕೆ ತಡಕಾಡಿಕೊಂಡು ಹತ್ತಿದೆ. ಕತ್ತಲಾದ ಮೇಲೆ ಅಕ್ಕನ ಬಳೆ ಸದ್ದು ಮೇಲೆ ಬಂತು. ಕಂಬಳಿ ತಂದಿದ್ದಳು. ಮೂವರೂ ಅದರ ಮೇಲೆ ಕೂತೆವು. ಮೂವರಲ್ಲಿ ಅಕ್ಕನೊಬ್ಬಳಿಗೇ ಕಾಣುತ್ತಿತ್ತು.

ಏನಾದರೂ ಮಾತಾಡಬೇಕಲ್ಲ ಎಂದು ಮುತ್ಯಾನ ನಕ್ಷತ್ರದ ಮಾತು ತೆಗೆದೆ. ನನಗೂ ಕಾಣುತ್ತಿರಲಿಲ್ಲ, ಮುತ್ಯಾಗೂ ಕಾಣುತ್ತಿರಲಿಲ್ಲ. ಹಾಗಾದರೆ ಅವನು ತೋರಿಸಿದ್ದೇನು, ನಾನು ನೋಡಿದ್ದೇನು ಎಂದು ಕೇಳಿದೆ. ಎಲ್ಲ ನಾನೇ ಕಟ್ಟಿಕೊಂಡ ನೆನಪಿರಬೇಕು ಎಂದೆ.

“ಖರೇನೇ ಅದ” ಎಂದಳು ಅಕ್ಕ. “ನಾ ಆ ಕಡಿ ಮಗ್ಗಲಿಗಿ ಮಲಗತಿದ್ನಿ. ಮುತ್ಯಾನ ಕೈ ಹಿಡದು ಚುಕ್ಕಿ ಇದ್ದ ಕಡಿ ಎತ್ತತಿದ್ನಿ. ಅಂವ ಹೆಸರು ಹೇಳಾವ. ನೀ ಹೂಂ, ಕಂಡ್ತು ಮುತ್ಯಾ ಅನ್ನಾವ.”

ಆಧಾರ ಸಿಕ್ಕಿತು. ಸಿಕ್ಕ ಮೇಲೆ ಏನು ಮಾಡಬೇಕೆಂದು ತಿಳಿಯಲಿಲ್ಲ.

ಬಳೆಗಳು ಸದ್ದು ಮಾಡಿದವು. ಅಕ್ಕ ಮಗಳ ಕೈ ಹಿಡಿದು ಮೇಲೆತ್ತುತ್ತಿದ್ದಾಳೆಂದು ಗೊತ್ತಾಯಿತು. ಮಾತು ಬಿಟ್ಟವಳು ಹಾಗೆ ಮಾತಿಗೆ ಬರುತ್ತಿದ್ದಳು.

“ಬ್ಯಾಡ ಬೇ ಯವ್ವಾ” ಎಂದಳು ಸವಿತಾ. “ನನಗ ಕಾಣಂಗಿಲ್ಲ.”

“ನನಗೂ” ಎಂದೆ.

ಬಳೆಯ ಸದ್ದು ನಡುವೆಯೇ ನಿಂತಿತು. ಎತ್ತಿ ಹಿಡಿದ ಕೈಯನ್ನು ಅಕ್ಕ ಕೆಳಗಿಳಿಸುವ ಸದ್ದಿಗಾಗಿ ಕಿವಿಗೊಟ್ಟು ಬಹಳ ಹೊತ್ತು ಕೂತಿದ್ದೆ. ಕೇಳಿಸಲಿಲ್ಲ.